ಟೀವಿಯಜ್ಜ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಸುದ್ದಿ ಹಳೆಯದು, ಅವಳಿಗೆ ಈಗ ಮೂರು ತುಂಬುತ್ತಾ ಬಂತು. ಆದರೂ ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಮೀನು ಮಾರ್ಕೆಟ್ಟಿನಲ್ಲಿ ಗುರುತಿಲ್ಲದವರಿಗೆ, ಈಗ ನಿಮಗೆ, ಇವತ್ತು ಬೆಳಿಗ್ಗೆ ಹುಟ್ಟಿದ ಹಾಗೆಯೇ ಹೇಳುತ್ತೇನೆ. ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಅವಳಿಗೆ ಶಾಸ್ತ್ರೋಕ್ತವಾಗಿ ಇಟ್ಟ ಹೆಸರು ನನ್ನ ನಾಲಿಗೆಗೆ ಒಗ್ಗದು. ಒಂದು ಗಳಿಗೆಯೂ ಕೈಯಲ್ಲಿ ನಿಲ್ಲದೆ ಪುಳಕ್ಕನೆ ಜಾರುವುದನ್ನು ನೋಡಿ ನಾನು ಮೀನಿನ ಹೆಸರು ಹಿಡಿದು ಬಂಗುಡೆ ಎಂದು ಕರೆಯುತ್ತೇನೆ. 'ಮಾವ, ಶಾಲಿಗ್ ಸೇರ್ಸಿದ್ ಮೇಲೂ ಹಂಗೇ ಕರೂಕಾಗ ಹಾಂ' ಎಂದು ಸೊಸೆ ಮೊದಲೇ ಎಚ್ಚರಿಕೆ ಕೊಟ್ಟಿದ್ದಾಳೆ. ಶಾಲೆಯ ವಿಷಯ ನನಗೆ ಅಷ್ಟು ತಿಳಿಯದು. ಹುಡುಗನಾಗಿದ್ದಾಗ ನಾನು ಬೆಂಚಿನ ಮೇಲೆ ಕೂತದ್ದಕ್ಕಿಂತ ನಮ್ಮೂರು ತ್ರಾಸಿಯ ಕಡಲ ಮರಳಿನ ಮೇಲೆ ಕೂತದ್ದೇ ಹೆಚ್ಚು. ಈ ಬರಹದ ಕಾಗುಣಿತ ತಿದ್ದಿದವಳೂ ಸೊಸೆಯೇ. ತಿದ್ದುವಾಗ ಅವಳ ಅಪ್ಪನ ಬಗ್ಗೆ ಇದ್ದ ಎರಡು ಸಾಲು ಹೊಡೆದುಹಾಕಿದಳು. ಅವಳು ಅಡುಗೆಮನೆಗೆ ಹೋದಾಗ ನಾನು ಮತ್ತೆ ಬರೆದಿದ್ದೇನೆ.

ಸಂತೋಷದಿಂದ ಹೊಟ್ಟೆ ತುಂಬಿದ ಮನುಷ್ಯನಿಗೆ ಹೊಟ್ಟೆಕಿಚ್ಚಿಗೆ ಜಾಗ ಎಲ್ಲಿ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ದೋಣಿಯ ತಾಂಡೇಲನಾಗಿ, ಎಂದರೆ ಚುಕ್ಕಾಣಿ ಹಿಡಿದು ಉಳಿದವರನ್ನು ಬೈಯುವ ಕೆಲಸದಲ್ಲಿ, ನಾನು ಆಯುಷ್ಯ ಕಳೆದವನು. ಪಕ್ಕದ ದೋಣಿಯವರು ಬಲೆ ಹರಿಯುವಷ್ಟು ಮೀನು ತಂದು, ನಮ್ಮ ಬಲೆಯಲ್ಲಿ ಬರೀ ಕಸ ಬಂದ ದಿನವೂ ನನಗೆ ಏನೂ ಅನಿಸುತ್ತಿರಲಿಲ್ಲ. ಉಂಡು ಮಲಗಿದರೆ ಗೊರಕೆ. ಅಂಥವನಿಗೆ, ತಲೆಕೂದಲು ಪೂರ್ತಿ ಬಿಳಿಯಾದ ಮೇಲೆ, ಒಬ್ಬ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಹತ್ತಿತು. ಅವರು ಬೇರೆ ಯಾರೂ ಅಲ್ಲ, ನನ್ನ ಬೀಗರು.

ಬೀಗರು ಬಹಳ ಕಾಲ ಮುಂಬಯಿಯಲ್ಲಿ ಹೋಟೆಲು ನಡೆಸಿ, ಸಾಲಿಗ್ರಾಮದ ತಮ್ಮ ಹಿರಿಯರ ಜಾಗದಲ್ಲಿ ಮನೆ ಕಟ್ಟಿ ಕೂತವರು. ಮಾತಿಗೆ ಮೊದಲು 'ಅರೇ' ಬರುತ್ತದೆ, ಮಾತಿನ ಕೊನೆಗೆ ನಗು. ಕೆಟ್ಟ ಮನುಷ್ಯನಾಗಿದ್ದರೆ ಹೊಟ್ಟೆಕಿಚ್ಚಿಗೆ ಒಂದು ಕಾರಣವಾದರೂ ಇರುತ್ತಿತ್ತು. ಇವರು ಒಳ್ಳೆಯವರು, ಅದೇ ತೊಂದರೆ. ಅವರ ಮನೆಯ ಚಾವಡಿಯ ಗೋಡೆಯ ಮೇಲೆ ಒಂದು ಟೀವಿ ಇದೆ. ಗೋಡೆಯ ಮೇಲೆ ಟೀವಿ ಇದೆ ಎನ್ನುವುದಕ್ಕಿಂತ ಟೀವಿಯ ಸುತ್ತ ಸ್ವಲ್ಪ ಗೋಡೆ ಇದೆ ಎಂದರೆ ಸರಿಯಾದೀತು. ಸೊಸೆ ಬಾಣಂತನಕ್ಕೆ ತವರಿಗೆ ಹೋದವಳು ನಿಧಾನಕ್ಕೆ ಬಂದಳು. ಬಂದ ಮೇಲೂ ಆಗಾಗ ಹೋದಳು. ಮಗು ಮಾತು ಕಲಿತದ್ದು ಆ ಟೀವಿಯ ಎದುರು. ಕಲಿತ ಮೇಲೆ ಅಜ್ಜಂದಿರನ್ನು ಬೇರೆ ಬೇರೆ ಮಾಡಬೇಕಲ್ಲ? ಅವರಿಗೆ 'ಟೀವಿಯಜ್ಜ' ಎಂದು ಹೆಸರಿಟ್ಟಿತು. ನನಗೆ ಬರೀ 'ಅಜ್ಜ'. ಅಂಗಡಿಯಲ್ಲಿ ಚೀಟಿ ಅಂಟಿಸದ ಡಬ್ಬಿಯ ಹಾಗೆ. ಹೆಂಡತಿಯ ಹತ್ತಿರ ದುಃಖ ತೋಡಿಕೊಂಡರೆ, 'ಅಜ್ಜ ಅಂದ್ ಕರಿತ್ತಲೆ, ಮತ್ತೆಂತ ಬೇಕ್ ನಿಮ್ಗೆ? ಬಿರುದ್ ಬೇಕಾ?' ಎಂದಳು. ಬೇಕಿತ್ತು.

ಹೀಗಿರುವಾಗ ಮನೆ ಬದಲಿಸುವ ಕಾಲ ಬಂತು. ನನ್ನ ಮಗನದು ಸಾಲಿಗ್ರಾಮದ ಹೆದ್ದಾರಿಯ ಬದಿ ಫ್ರಿಜ್ಜು ರಿಪೇರಿಯ ಅಂಗಡಿ. ದಿನಾ ತ್ರಾಸಿಯಿಂದ ಓಡಾಡಿ ಸಾಕಾಗಿ ಅಲ್ಲೇ ಮನೆ ಕಟ್ಟಿಸಿದ. ಜಾಗ ಹುಡುಕಿಕೊಟ್ಟವರು ಬೀಗರು. ಎಲ್ಲಿ ಹುಡುಕಿದರು? ಅವರದೇ ಕಾಂಪೌಂಡಿನ ಆಚೆ ಬದಿ! ಎರಡು ಮನೆಗಳ ನಡುವೆ ಒಂದು ತಂತಿಬೇಲಿ, ಅದರಲ್ಲಿ ಮಗು ನುಸುಳುವಷ್ಟು ಸಂದು. ಆ ಸಂದನ್ನು ನೋಡಿದಾಗಲೇ ನನಗೆ ಗೊತ್ತಾಯಿತು, ಇನ್ನು ಮೊಮ್ಮಗಳು ಮಲಗುವುದು ನಮ್ಮಲ್ಲಿ, ಬದುಕುವುದು ಅಲ್ಲಿ. ಇದಕ್ಕೆ ಉಪಾಯ ಒಂದೇ: ಹೊಸ ಮನೆಯಲ್ಲಿ ನಮ್ಮ ಟೀವಿಯೂ ಜೋರಾಗಿ ಹಾಡಬೇಕು. ಹಾಗಾದರೆ ತ್ರಾಸಿಯ ಡಿಶ್ಶನ್ನೇ ಕೊಂಡುಹೋಗುವುದೋ, ಅದನ್ನು ಬಿಟ್ಟು ಅಲ್ಲಿಯ ಕೇಬಲ್ ಹಾಕಿಸುವುದೋ?

ಎಲ್ಲರನ್ನೂ ಕೂರಿಸಿ ಕೇಳಿದೆ. 'ಅಪ್ಪಯ್ಯ, ಈಗ ಇದೆಲ್ಲ ಯಾರ್ ಹಾಕ್ತ್ರ್? ಎಲ್ಲ ಮೊಬೈಲಗೇ ಬತ್ತ್' ಎಂದ ಮಗ, ಮೊಬೈಲಿನಿಂದ ತಲೆ ಎತ್ತದೆ. 'ಎಂತದಾರೂ ಹಾಕಿ, ನನ್ನ ಸಂಜಿ ಧಾರಾವಾಹಿ ಒಂದ್ ತಪ್ಪುಕಾಗ' ಎಂದಳು ಹೆಂಡತಿ. ಸೊಸೆ ಮಾತ್ರ ವಿವರವಾಗಿ ಹೇಳಿದಳು: 'ಕೇಬಲ್ಲೇ ಹಾಕ್ಸಿ ಮಾವ. ಲೋಕಲ್ ಚಾನೆಲ್ಲಗೆ ಆಟ ಎಲ್ಲ ಬತ್ತ್, ಮಗೀಗೂ ಚೆಂಡೆ ಸದ್ದ್ ಅಂದ್ರೆ ಜೀವ. ನಮ್ಮ ಮನೆಗೂ ಅದೇ ಇಪ್ಪುದ್.' ಆಟ ಎಂದರೆ ನಮ್ಮ ಕಡೆ ಯಕ್ಷಗಾನ. ಅದಕ್ಕೆ ಮನಸ್ಸು ಸೋಲದವನು ನಾನಲ್ಲ. ಆದರೆ ಅವಳ ಕೊನೆಯ ಮಾತು ಕೇಳಿದ್ದೇ ತಡ, 'ಡಿಶ್ಶೇ ಸೈ' ಎಂದು ತೀರ್ಮಾನ ಕೊಟ್ಟುಬಿಟ್ಟೆ. ಬೀಗರ ಮನೆಯಲ್ಲಿರುವುದೇ ನಮ್ಮಲ್ಲೂ ಇದ್ದರೆ ಮಗು ಚಿಕ್ಕ ಟೀವಿಯ ಮನೆಗೆ ಏಕೆ ಬಂದೀತು?

ಆ ಡಿಶ್ಶಿನ ಮೇಲೆ ನನಗೆ ಪ್ರೀತಿಯೂ ಇತ್ತೆನ್ನಿ. ಕಡಲ ಗಾಳಿಗೆ ಅದರ ಬೋಲ್ಟುಗಳು ತುಕ್ಕು ಹಿಡಿದು ಉದುರಿದಾಗ ನಾನೇ ಹಂಚಿನ ಮಾಡು ಹತ್ತಿ, ಬಲೆಯ ಹಗ್ಗದಿಂದ, ದೋಣಿಗೆ ಹಾಕುವ ಗಂಟು ಹಾಕಿ ಬಿಗಿದಿದ್ದೆ. ಆಯುಧಪೂಜೆಯ ದಿನ ದೋಣಿಯ ಇಂಜಿನ್ನಿಗೆ ಹೂ ಹಾಕಿದ ಮೇಲೆ ಇದಕ್ಕೂ ಒಂದು ಮಾಲೆ ಹಾಕುತ್ತಿದ್ದೆ. ಆ ದಿನ ಚಿತ್ರ ಸ್ವಲ್ಪ ಮಸುಕಾಗುತ್ತಿತ್ತು, ದೇವರ ವಿಷಯ ಎಂದು ಯಾರೂ ತಕರಾರು ಮಾಡುತ್ತಿರಲಿಲ್ಲ. ಗಾಳಿಗೆ ನೆರೆಮನೆಯವರ ಡಿಶ್ಶುಗಳು ಹಾರಿ ಗದ್ದೆಗೆ ಬಿದ್ದರೂ ನನ್ನದು ಮಿಸುಕಿರಲಿಲ್ಲ. ಈಗ ಇಳಿಸುವಾಗ ತೊಂದರೆಯಾದದ್ದೂ ಅದರಿಂದಲೇ: ನಾನು ಕಟ್ಟಿದ ಗಂಟು ನನಗೇ ಬಿಚ್ಚಲಾಗದೆ, ಹಗ್ಗ ಕತ್ತರಿಸಬೇಕಾಯಿತು. ಸಾಮಾನಿನ ಟೆಂಪೋದಲ್ಲಿ ಹೆಂಡತಿ ದೇವರ ಪಟವನ್ನು ತೊಡೆಯ ಮೇಲೆ ಇಟ್ಟುಕೊಂಡಳು, ನಾನು ಡಿಶ್ಶನ್ನು. ಕುಂದಾಪುರ ದಾಟುವವರೆಗೂ ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ.

ಮನೆ ಒಕ್ಕಲು, ಎಂದರೆ ಗೃಹಪ್ರವೇಶ, ಚೆನ್ನಾಗಿ ನಡೆಯಿತು. ಹಾಲು ಉಕ್ಕಿತು, ಪಾಯಸ ಅದಕ್ಕಿಂತ ಚೆನ್ನಾಗಿತ್ತು, ನಾನು ಮತ್ತೆ ಮತ್ತೆ ಹಾಕಿಸಿಕೊಂಡೆ. ಅದು ಮುಗಿದ ಮೇಲೆ ಡಿಶ್ಶಿನವನು ಬಂದ. ಟೆರೇಸಿನ ಮೇಲೆ ನಿಂತು ನಾನೇ ದಿಕ್ಕು ಹೇಳಿದೆ: 'ಕಡ್ಲಿಗೆ ಬೆನ್ನ್ ಹಾಕ್, ಒಂಚೂರ್ ತೆಂಕಕ್ಕೆ ತಿರ್ಗ್ಸ್.' ನಡುಗಡಲಿನಲ್ಲಿ ಊರಿನ ದಿಕ್ಕು ತಪ್ಪದವನು ನಾನು, ಒಂದು ತಟ್ಟೆಯ ದಿಕ್ಕು ತಪ್ಪೀತೇ? ತಪ್ಪಲಿಲ್ಲ. 'ದಿಕ್ಕ್ ಸಮ ಇತ್ತ್ ಅಜ್ಜ. ಆದ್ರೆ ಮರ ಅಡ್ಡ ಇತ್ತ್ ಕಾಣಿ' ಎಂದ ಅವನು. ಕಂಡೆ. ಬೀಗರ ಅಂಗಳದಿಂದ ಒಂದು ತೆಂಗಿನಮರ ಬಾಗಿ, ನಮ್ಮ ಟೆರೇಸಿನ ಮೇಲೆ ಕೊಡೆ ಹಿಡಿದಂತೆ ನಿಂತಿತ್ತು. ಡಿಶ್ಶನ್ನು ಆಚೆ ಸರಿಸಿದರೆ ನೀರಿನ ಟ್ಯಾಂಕು ಅಡ್ಡ, ಈಚೆ ತಂದರೆ ಮರ. ಗಾಳಿಗೆ ಗರಿ ಸರಿದಾಗ ವಾರ್ತೆ ಓದುವವಳ ಅರ್ಧ ಮುಖ ಬಂತು; ಇನ್ನರ್ಧ ಬರುವಷ್ಟರಲ್ಲಿ ಗರಿ ವಾಪಸು ಬಂತು.

ಗದ್ದಲ ಕೇಳಿ ಬೀಗರೂ ಟೆರೇಸಿಗೆ ಬಂದರು. ಮರದ ಗರಿಯನ್ನು ಮಗುವಿನ ಕೂದಲು ಸವರಿದ ಹಾಗೆ ಸವರಿ, 'ಅರೇ ಬೀಗ್ರೆ, ಇದ್ ನಮ್ಮ ಹೆಣ್ಣ್ ಹುಟ್ಟಿದಾಗ ನೆಟ್ಟ್ ಮರ! ಮೊನ್ನೆ ಒಕ್ಲಿನ ಪಾಯ್ಸಕ್ಕೆ ಇದ್ರದ್ದೇ ಕಾಯಿ. ನಿಮ್ಗೆ ಬೇರೆಂತ ಬೇಕಾರೂ ಕೇಳಿ, ಇದ್ರ ಗರಿ ಕಡುಕೆ ಮಾತ್ರ ನಂಗ್ ಮನಸ್ಸ್ ಬತ್ತಿಲ್ಲೆ' ಎಂದರು. ಮಗು ಹುಟ್ಟಿದಾಗ ತೆಂಗಿನ ಸಸಿ ನೆಡುವುದು ಇತ್ತ ಕಡೆ ಇರುವುದೇ. ಸೊಸೆಯ ಜೊತೆಗೆ ಬೆಳೆದ ಮರಕ್ಕೆ ಕತ್ತಿ ಹಾಕಿ ಎಂದು ಮಾವನಾದವನು ಹೇಗೆ ಹೇಳುವುದು? ಅದೂ ಅದರ ಪಾಯಸ ಇನ್ನೂ ಹೊಟ್ಟೆಯಲ್ಲಿರುವಾಗ?

ಸೋತು ಕೇಬಲ್‌ನವನನ್ನು ಕರೆಸಿದೆ. 'ಕಷ್ಟ ಎಂತದೂ ಇಲ್ಲೆ, ನಿಮ್ಮ ಬೀಗ್ರ ಮಾಡಿಂದ ಒಂದ್ ವಯರ್ ಎಳ್ದ್ರೆ ಆಯ್ತ್' ಎಂದ ಅವನು. ಕಂಬದಿಂದ ನೇರ ಬರುವುದಿಲ್ಲವೇ ಎಂದೆ. 'ಇಲ್ಲೆ, ಲೈನ್ ಬಪ್ಪುದೇ ಅವ್ರ ಮನಿ ಮೇಲಿಂದ.' ನನಗೆ ಕಣ್ಣೆದುರು ಚಿತ್ರ ಕಟ್ಟಿತು. ವಾರ್ತೆ, ಆಟ, ಮಳೆಯ ಸೂಚನೆ, ಎಲ್ಲವೂ ಮೊದಲು ಬೀಗರ ಮನೆಯಲ್ಲಿ ಕಾಲು ಚಾಚಿ ಕೂತು, ಚಾ ಕುಡಿದು, ಉಳಿದರೆ ನಮ್ಮ ಮನೆಗೆ ಬರುವುದು. ಯೋಚಿಸಿ ಹೇಳುತ್ತೇನೆ ಎಂದು ಅವನನ್ನು ಕಳಿಸಿದೆ. ಡಿಶ್ಶು ಅಂಗಳಕ್ಕೆ ಇಳಿಯಿತು, ಟೀವಿಗೆ ಹೆಂಡತಿ ಹಳೆಯ ಸೀರೆ ಹೊದಿಸಿದಳು. ಅವಳ ಧಾರಾವಾಹಿ ಸೊಸೆಯ ಮೊಬೈಲಿನಲ್ಲಿ ಚಿಕ್ಕದಾಗಿ ನಡೆಯಿತು. 'ಇದ್ರಗೆ ಅತ್ತಿ ಯಾರ್, ಸೊಸಿ ಯಾರ್ ಅಂದ್ ಗೊತ್ತೇ ಆತಿಲ್ಲೆ' ಎಂದು ನನ್ನನ್ನು ಬೈಯುತ್ತಿದ್ದಳು.

ಸಂಜೆ ಆಯಿತೆಂದರೆ ಬಂಗುಡೆ ಬೇಲಿಯಲ್ಲಿ ನುಸುಳಿ ಮಾಯ. ನಾನು ಬಿಸ್ಕತ್ತು ತೋರಿಸಿದೆ. 'ಬಿಸ್ಕತ್ತ್ ಕೊಡ್' ಎಂದಿತು, ಕೊಟ್ಟೆ. 'ಟೀವಿಯಜ್ಜನ ಮನಿಗೆ ಹೋತೆ' ಎಂದಿತು, ಹೋಯಿತು, ಬಿಸ್ಕತ್ತಿನ ಸಮೇತ. ನಾನು ಅಡುಗೆಮನೆಯ ಕಿಟಕಿಯಲ್ಲಿ ಕಿವಿಯಿಟ್ಟು ನಿಲ್ಲುತ್ತಿದ್ದೆ. ಆ ಕಡೆ ಚೆಂಡೆಯ ಸದ್ದು, ಮಗುವಿನ ಕೇಕೆ, ಬೀಗರ ನಗು. 'ಹ್ವಾಯ್, ನಿಮ್ಗೆ ಮಂಡೆ ಸಮ ಇತ್ತಾ? ಅದ್ ಅದ್ರ ಅಜ್ಜನ ಮನಿಗೆ ಹೋದ್ದ್, ವಿಲಾಯ್ತಿಗ್ ಹೋದ್ದಲ್ಲ' ಎಂದು ಹೆಂಡತಿ ನನ್ನನ್ನು ಪಕ್ಕಕ್ಕೆ ತಳ್ಳಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ವಿಲಾಯಿತಿಗೆ ಹೋದರೆ ಸದ್ದಾದರೂ ಕೇಳಿಸದು!

ಒಂದು ಬೆಳಿಗ್ಗೆ ನೋಡುತ್ತೇನೆ, ಅಂಗಳದಲ್ಲಿ ಅಂಗಾತ ಬಿದ್ದಿದ್ದ ಡಿಶ್ಶಿನ ಒಳಗೆ ಬಂಗುಡೆ ಚಕ್ಕಳಮಕ್ಕಳ ಹಾಕಿ ಕೂತಿದೆ. 'ಅಜ್ಜ, ಎಳಿ' ಎಂದಿತು. ನಮ್ಮ ಅಂಗಳ ಪೂರಾ ಮರಳು. ಹಗ್ಗವೋ ತ್ರಾಸಿಯಿಂದ ಬಂದದ್ದು ಅಲ್ಲೇ ಇತ್ತು. ಅಂಚು ತಾಗದಂತೆ ಹಳೆಯ ಬಟ್ಟೆ ಸುತ್ತಿ, ಎರಡು ಗಂಟು ಹಾಕಿ, ದೋಣಿ ದಡಕ್ಕೆ ಎಳೆಯುವಾಗ ಕೂಗುವ ಹಾಗೆ 'ಐಸಾ, ಓ ಐಸಾ' ಎಂದು ಎಳೆದೆ. ಅದು ಸರ್ರನೆ ಜಾರಿತು. ಮಗು ಕಿರುಚಿದ ಕಿರುಚಿಗೆ ಕಾಗೆಗಳು ಎದ್ದವು. ಬಾವಿಯ ಕಟ್ಟೆಯವರೆಗೆ ಹೋಗಿ ತಿರುಗಿಸಿದರೆ 'ಇನ್ನೊಂದ್ ಸಲ'. ಅವತ್ತು ಸಂಜೆಯವರೆಗೂ ಇನ್ನೊಂದ್ ಸಲ. ಬಿಟ್ಟ ದೋಣಿ ಮತ್ತೆ ಸಿಕ್ಕಿದ ಹಾಗೆ, ಅದರಲ್ಲೂ ಲೋಕದ ಅತ್ಯುತ್ತಮ ಮೀನೊಂದು ತಾನಾಗಿ ಹಾರಿ ಬಂದು ಕೂತ ಹಾಗೆ ನಾನು ಹಿಗ್ಗಿದೆ.

ಸಂಜೆ ಬೀಗರ ಮನೆಯ ಟೀವಿ ಎಂದಿನಂತೆ ಶುರುವಾಯಿತು. ನಾವು ಬಾವಿಕಟ್ಟೆಯ ಹತ್ತಿರ ಇದ್ದೆವು. ಸ್ವಲ್ಪ ಹೊತ್ತಿಗೆ ಸದ್ದು ಜೋರಾಯಿತು. ಇನ್ನೂ ಜೋರಾಯಿತು. ಚೆಂಡೆಯ ಪೆಟ್ಟಿಗೆ ನಮ್ಮ ಹೊಸ ಕಿಟಕಿಯ ಗಾಜು ನಡುಗುವಷ್ಟಾದ ಮೇಲೆ ಬೀಗರೇ ಬೇಲಿಯ ಹತ್ತಿರ ಬಂದು ನಿಂತರು.

'ಬೇಬಿ, ಆಟ ಸುರು ಆಯ್ತ್, ಬಾ.'

'ನಾ ಬತ್ತಿಲ್ಲೆ. ನನ್ ದೋಣಿ ಹೋತ್ತ್.'

ಬೀಗರು ನಕ್ಕರು. ಆದರೆ ಮುಖದ ಒಂದು ಬದಿ ನಗಲಿಲ್ಲ. ಆ ಬದಿ ನನಗೆ ಚೆನ್ನಾಗಿ ಗುರುತಿತ್ತು, ಇಷ್ಟು ದಿನ ಅದನ್ನು ಹೊತ್ತು ತಿರುಗಿದವನು ನಾನು. ಬೇಲಿಯ ತಂತಿ ತಿರುಚುತ್ತಾ ನಿಂತು, ಕೊನೆಗೆ, 'ಬೀಗ್ರೆ, ನಾನ್ ಯೋಚ್ನಿ ಮಾಡ್ದೆ. ಆ ಗರಿ ಎರಡ್ ಕಡ್ಸಿದ್ರೆ ಎಂತ ಆತ್ತ್? ನಿಮ್ಗ್ ಪಾಪ, ಡಿಶ್ ಮೇಲ್ ಹಾಕುಕೆ ಆಯ್ಲಿಲ್ಲೆ' ಎಂದರು.

'ಛೆ ಛೆ ಬೀಗ್ರೆ, ಎಂತ ಮಾತಾಡ್ತ್ರಿ! ನಮ್ಮ ಸೊಸಿ ಹುಟ್ಟಿದಾಗ ನೆಟ್ಟ್ ಮರ ಅಲ್ದಾ ಅದ್?' ಎಂದು ನಾನು ಎದೆಯ ಮೇಲೆ ಕೈ ಇಟ್ಟುಕೊಂಡೆ. ಇಷ್ಟು ಸಿಹಿಯಾದ ಮಾತು ನಾನು ಹೆಣ್ಣು ನೋಡಲು ಹೋದಾಗಲೂ ಆಡಿರಲಿಲ್ಲ.

ಡಿಶ್ಶೂ ಬೇಡ, ಕೇಬಲ್ಲೂ ಬೇಡ, ಟೀವಿಯೇ ಬೇಡ ಎಂದು ಮನೆಯಲ್ಲಿ ಸಾರಿದೆ. ಆದರೆ ನನ್ನ ಸೊಂಟವೂ ನನ್ನಷ್ಟೇ ವಯಸ್ಸಿನದು. ಕೆಲವು ದಿನ ಎಳೆದ ಮೇಲೆ ಅದು ಹಟ ಹಿಡಿಯಿತು. 'ತನ್ನಿ ಇಲ್ಲಿ, ಒಂಚೂರ್ ಕೂಕಣಿ' ಎಂದು ಹೆಂಡತಿ ಹಗ್ಗ ತೆಗೆದುಕೊಂಡಳು. ಕೂತೆ. ಆಚೆ ಮನೆಯಲ್ಲಿ ಭಾಗವತರ ಪದ ಏರಿತು. ಯಾವ ಪ್ರಸಂಗ ಎಂದು ಬಾಗಿಲಿನಿಂದ ನೋಡಿ ಬರುವಾ ಎಂದು ಹೋದೆ. 'ಬನಿ ಬನಿ ಬೀಗ್ರೆ, ಕೂಕಣಿ' ಎಂದು ಬೀಗರು ಪಕ್ಕಕ್ಕೆ ಸರಿದರು. ಅವರೂ ಪಾಪ, ಒಬ್ಬರೇ ಕೂತಿದ್ದರು. ಅಷ್ಟು ದೊಡ್ಡ ಟೀವಿಯಲ್ಲಿ ವೇಷದ ಕಿರೀಟದ ಒಂದೊಂದು ಹೊಳಪೂ ಕಾಣುತ್ತದೆ ನೋಡಿ. ಚಾ ಬಂತು. ಮರುದಿನ ಪ್ರಸಂಗದ ಉಳಿದ ಭಾಗ ಇತ್ತು. ಅದರ ಮರುದಿನ ಬೇರೆ ಪ್ರಸಂಗ. ಮೆತ್ತನೆಯ ಸೋಫಾ ಸೊಂಟಕ್ಕೂ ಒಳ್ಳೆಯದು; ನಾನು ಕಾಲು ಚಾಚಿದಷ್ಟೂ ಬೀಗರು ತುದಿಗೆ ಸರಿದರು.

ನಿನ್ನೆ ಹೀಗೆಯೇ ಕೂತಿದ್ದಾಗ ಬೇಲಿಯ ಹತ್ತಿರದಿಂದ ಮಗು ಕೂಗಿತು: 'ಟೀವಿಯಜ್ಜಾ, ಉಂಬುಕೆ ಬಾ!' ಬೀಗರು ಖುಷಿಯಿಂದ ಎದ್ದು, 'ಬಂದೆ ಬೇಬಿ' ಎಂದರು. 'ನೀ ಅಲ್ಲ, ಅಂವ' ಎಂದು ಅದು ನನ್ನ ಕಡೆ ಕೈ ತೋರಿಸಿತು. 'ದೋಣಿಯಜ್ಜಿ ಕರೀತ್ತ್.'

ದೋಣಿಯಜ್ಜಿ! ನನ್ನ ಹೆಂಡತಿ ಈ ಜನ್ಮದಲ್ಲಿ ದೋಣಿಗೆ ಕಾಲಿಟ್ಟವಳಲ್ಲ. ಸೇತುವೆಯ ಮೇಲೆ ಬಸ್ಸು ಹೋಗುವಾಗಲೇ ಕಣ್ಣು ಮುಚ್ಚಿಕೊಳ್ಳುವವಳು. ಅವಳಿಗೆ ಆ ಬಿರುದು, ತಾಂಡೇಲನಾದ ನನಗೆ ಇದು. ಈಗ ಉಳಿದದ್ದು ಒಂದೇ ದಾರಿ. ನಮ್ಮ ಮನೆಯಲ್ಲಿ ಟೀವಿ ಬರಬೇಕು. ಸಂಜೆ ಅವಳನ್ನು ಧಾರಾವಾಹಿಯ ಎದುರು ಕೂರಿಸಬೇಕು. ಹಗ್ಗ ನನ್ನ ಕೈಗೆ ಬರಬೇಕು. ಇವತ್ತು ಬೆಳಿಗ್ಗೆ ಎದ್ದವನೇ ಕೇಬಲ್‌ನವನಿಗೆ ಫೋನು ಮಾಡಿದೆ. ವಯರು ಯಾರ ಮಾಡಿನ ಮೇಲಿಂದ ಬಂದರೂ ಅಡ್ಡಿಯಿಲ್ಲ, ಬೇಗ ಬಾ ಎಂದೆ.

'ನಾಳೆ ಬಪ್ಪವನೇ ಇದ್ದೆ ಅಜ್ಜ' ಎಂದ ಅವನು. 'ನಿಮ್ಮ ಬೀಗ್ರ್ ಆಗ್ಲೇ ಹೇಳಿದ್ರ್ ಅಲ್ದಾ? ದಿನಾ ಫೋನ್ ಮಾಡ್ತ್ರ್. ಹ್ಯಾಂಗಾರೂ ಮಾಡಿ ನಿಮ್ಮನಿಗೆ ಒಂದ್ ಲೈನ್ ಕೊಡ್ ಮಾರಾಯ ಅಂದ್ರ್.'

ಬೀಗರಿಗೆ ನನ್ನ ಮೇಲೆ ಇಷ್ಟೊಂದು ಕಾಳಜಿ ಏಕೆ ಎಂದು ಸಂಜೆಯಿಂದ ಯೋಚಿಸುತ್ತಾ ಕೂತಿದ್ದೇನೆ. ಅವರನ್ನೇ ಕೇಳಬಹುದಿತ್ತು, ಸೋಫಾದ ಆ ತುದಿಯಲ್ಲೇ ಇದ್ದಾರೆ. ಆದರೆ ಆಟ ಈಗಷ್ಟೇ ರಂಗೇರಿದೆ, ಚಾ ಇನ್ನೂ ಬರಬೇಕಷ್ಟೆ.