ರೇಟು ಏರಿದರೂ ಊಟ, ಇಳಿದರೂ ಊಟ

ಶಿಕಾರಿಪುರದ ಬಸ್ ಸ್ಟ್ಯಾಂಡ್ ಪಕ್ಕ ರೊಟ್ಟಿ ಖಾನಾವಳಿ ಇಟ್ಟವಳಿಗೆ ಬೆಲೆ ಏರಿದರೂ ಒಂದು ಫಜೀತಿ, ಇಳಿದರೂ ಒಂದು ಫಜೀತಿ. ನಾನು ಸೊರಬದ ಕಡೆ ಜಡೆ ಅನ್ನೋ ಊರಿನವಳು, ರೊಟ್ಟಿ ತಟ್ಟೋದು ಕಲಿತದ್ದೇ ಮದುವೆಯಾಗಿ ಬಂದ ಮೇಲೆ. ಆದರೂ ಇವತ್ತಿನವರೆಗೆ ಸೋತಿಲ್ಲ.

ಬೋರ್ಡು

ಬೇಳೆ, ಎಣ್ಣೆ, ಗ್ಯಾಸು ಒಟ್ಟಿಗೇ ತುಟ್ಟಿಯಾದಾಗ ಊಟದ ಬೆಲೆ ಪದೇ ಪದೇ ಏರಿಸಬೇಕಾಯಿತು. ಪೇಂಟರನ್ನು ಕರೆದರೆ ಬಣ್ಣವೂ ತುಟ್ಟಿ ಅಂತ ಅವನ ಕೂಲಿಯೂ ಏರುತ್ತಿತ್ತು. ಕೊನೆಗೆ ಕರಿಹಲಗೆ ತಂದು ಸೀಮೆಸುಣ್ಣದಲ್ಲಿ ಬರೆದಿಟ್ಟೆ. ಸೊರಬಕ್ಕೆ ದಿನಾ ಓಡಾಡುವ ಹಳೇ ಗಿರಾಕಿಯೊಬ್ಬರು ಬೆರಳು ಒದ್ದೆ ಮಾಡಿಕೊಂಡು ಹೊಸ ರೇಟು ಅಳಿಸಿ, ಹಳೇದನ್ನೇ ಬರೆದು, ಏನೂ ಆಗದವರಂತೆ ಬಂದು ಕೂತರು. ನಾನು ಜಗಳಕ್ಕೆ ಹೋಗಲಿಲ್ಲ.

"ಹಳೇ ರೇಟಿಗೆ ನಿನ್ನೆ ಸಾರು ಐತ್ರೀ, ಬಿಸಿ ಮಾಡಿಕೊಡ್ಲಾ?" ಅಂದೆ.

ಎದ್ದು ಹೋಗಿ, ಹೊಸ ರೇಟನ್ನು ನನಗಿಂತ ದುಂಡಗೆ ಬರೆದು ಬಂದರು.

ಗ್ರೈಂಡರ್

ಪಕ್ಕದ ಅಂಗಡಿಯಲ್ಲಿ ಗ್ರೈಂಡರ್ ಬೆಲೆ ಇಳಿಯತೊಡಗಿತು. ಈಗಲೇ ತಗೊಳ್ಳೋಣ ಅಂದರೆ ನಮ್ಮನೆಯವರು, ಇನ್ನೂ ಇಳಿಯುತ್ತೆ ತಡಿ ಅಂದರು. ಇನ್ನೂ ಇಳಿಯಿತು. ಮತ್ತೂ ತಡಿ ಅಂದರು. ಊರವರೆಲ್ಲ ಹೀಗೇ ಕಾದು ಕೂತರು. ವ್ಯಾಪಾರವಿಲ್ಲದೆ ಆ ಅಂಗಡಿಯವರು, ಅವರ ಇಬ್ಬರು ಕೆಲಸದವರು ನಮ್ಮಲ್ಲಿ ಊಟ ಬಿಟ್ಟು ಮನೆಯಿಂದ ಡಬ್ಬಿ ತರತೊಡಗಿದರು. ನಾವು ಕಾಯೋದರಿಂದ ನಮ್ಮ ಗಲ್ಲಾನೇ ಖಾಲಿಯಾಗ್ತಿದೆ ಅಂತ ಹೇಳಿದರೂ ಇವರ ತಲೆಗೆ ಹೋಗಲಿಲ್ಲ.

ಮರುದಿನ ಇವರ ತಟ್ಟೆಗೆ ಬರೀ ರೊಟ್ಟಿ ಹಾಕಿದೆ. ಚಟ್ನಿ ಎಲ್ಲಿ ಅಂದರು.

"ಕಾಯಿ ರೇಟು ಇನ್ನೂ ಇಳಿಯುತ್ತಂತೆ, ತಡೀರಿ."

ಸಂಜೆಯೊಳಗೆ ಗ್ರೈಂಡರ್ ಬಂತು. ಮಾರನೇ ದಿನ ಅಂಗಡಿಯವರು ಕೆಲಸದವರನ್ನೂ ಕರಕೊಂಡು ಊಟಕ್ಕೆ ಬಂದರು. ನಮ್ಮನೆಯವರು, ಎಲ್ಲ ತಮ್ಮದೇ ಉಪಾಯ ಎಂಬಂತೆ, ಗಲ್ಲಾದಲ್ಲಿ ಮೀಸೆ ತಿರುವುತ್ತ ಕೂತಿದ್ದರು.

ಎದುರಿನ ಖಾನಾವಳಿ

ಆಮೇಲೆ ಎದುರಿಗೇ ಒಬ್ಬರು ಹೊಸ ಖಾನಾವಳಿ ತೆಗೆದು, ನನಗಿಂತ ಕಮ್ಮಿ ರೇಟು ಇಟ್ಟರು. ನಾನು ಇಳಿಸಿದೆ. ಅವರು ಇನ್ನೂ ಇಳಿಸಿದರು. ಇಳಿಸೀ ಇಳಿಸೀ ಹಿಟ್ಟಿನ ದುಡ್ಡೂ ಹುಟ್ಟದ ರೇಟಿಗೆ ಬಂದರು. ನಮ್ಮಲ್ಲಿ ರೊಟ್ಟಿ ತಟ್ಟುವ ಇಬ್ಬರು ಹೆಂಗಸರಿಗೆ ಕೆಲಸ ಹೋಗುತ್ತೇನೋ ಎಂಬ ದಿಗಿಲು. ನನಗೂ ಬಾಗಿಲು ಹಾಕೋದೊಂದೇ ಬಾಕಿ.

ಕೂತು ಯೋಚಿಸಿದೆ. ನನ್ನ ಹಳೇ ರೇಟನ್ನೇ ಮತ್ತೆ ಬರೆದೆ. ರೊಟ್ಟಿ ತಟ್ಟಬೇಡಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ ಮಾಡಿ ಅಂತ ಹೆಂಗಸರಿಗೆ ಹೇಳಿದೆ. ಅವರಲ್ಲೊಬ್ಬಳ ಗಂಡನ ಕೈಗೆ ಚೀಲ ಕೊಟ್ಟು, ತಾಳಗುಂದದಲ್ಲಿ ಕಾರ್ಯ ಅಂತ ಹೇಳಿಸಿ ದಿನಾ ಎದುರಿನಿಂದ ರೊಟ್ಟಿ ಪಾರ್ಸಲ್ ತರಿಸಿದೆ. ಅಷ್ಟು ಅಗ್ಗಕ್ಕೆ ನಾವೇ ತಟ್ಟಲೂ ಆಗುತ್ತಿರಲಿಲ್ಲ. ದಿನಾ ಏನಪ್ಪಾ ಕಾರ್ಯ ಅಂತ ಅವರು ಒಮ್ಮೆಯೂ ಕೇಳಲಿಲ್ಲ. ಅವರ ರೊಟ್ಟಿ, ನಮ್ಮ ಎಣ್ಣೆಗಾಯಿ: ಗಿರಾಕಿಗಳು ಒಬ್ಬೊಬ್ಬರಾಗಿ ವಾಪಸ್ ಬಂದರು.

ಒಂದು ಮಧ್ಯಾಹ್ನ ಎದುರಿನ ಖಾನಾವಳಿಯಲ್ಲಿ ರೊಟ್ಟಿಯೆಲ್ಲ ಖಾಲಿ. ಹಸಿದುಕೊಂಡು ಅದರ ಮಾಲೀಕರೇ ನಮ್ಮಲ್ಲಿಗೆ ಬಂದು ಕೂತರು. ಒಂದು ತುತ್ತು ತಿಂದು ತಲೆದೂಗಿದರು.

"ಅಕ್ಕಾ, ಸುಳ್ಳು ಹೇಳಬಾರದು. ಇಷ್ಟು ಮೆತ್ತನ್ನ ರೊಟ್ಟಿ ನಮ್ಮಲ್ಲಿ ಬರಂಗಿಲ್ಲ. ಯಾರ ಕೈಲಿ ಮಾಡಿಸ್ತೀರಿ?"

"ನಿಮ್ಮ ಕೈಲೇ ರೀ."

ಕೈಯಲ್ಲಿದ್ದ ತುತ್ತನ್ನೇ ನೋಡುತ್ತ ಕೂತರು. ಆಮೇಲೆ ಜೋರಾಗಿ ನಕ್ಕು, ತಮ್ಮದೇ ರೊಟ್ಟಿಗೆ ನನ್ನ ರೇಟು ಕೊಟ್ಟು ಎದ್ದರು. ಮಾರನೇ ಬೆಳಿಗ್ಗೆ ಅವರ ಬೋರ್ಡಿನಲ್ಲೂ ಅದೇ ರೇಟು. ನಮ್ಮ ಒಲೆ ಮುಂದೆ ಇಬ್ಬರೂ ಹೆಂಗಸರು, ಎದುರಿಗೂ ಕೇಳಿಸುವಂತೆ, ಮತ್ತೆ ಪಟಪಟ ರೊಟ್ಟಿ ತಟ್ಟುತ್ತಿದ್ದರು.