ಮುಖ ಮುಚ್ಚಿಕೊಂಡವರ ಕ್ಯಾಸೆಟ್ಟು

ಕ್ಯಾಸೆಟ್ಟಿನ ಸಹವಾಸ ಮಾಡಿದವನಿಗೆ ಇಂಥವು ತಪ್ಪುವುದಿಲ್ಲ. ಒಂದು ವಾರ ಏನೂ ಎಡವಟ್ಟಾಗದಿದ್ದರೆ ನನಗೇ ಒಂಥರಾ ಕಸಿವಿಸಿ, ಎಲ್ಲೋ ಏನೋ ಆಗಿದೆ, ಸುದ್ದಿ ಇನ್ನೂ ನನಗೆ ಮುಟ್ಟಿಲ್ಲ ಅಂತ.

ಮಂತ್ರಿಗಳು ಮತ್ತು ಮದುಮಗಳು

ತಿಪಟೂರಿನಲ್ಲಿ ನನ್ನದೊಂದು ಸ್ಟುಡಿಯೋ. ಮದುವೆ, ನಾಮಕರಣದ ವಿಡಿಯೋ ತೆಗೆಯುವುದು ಹೊಟ್ಟೆಪಾಡು. ಬೆಂಗಳೂರಿನ ಒಂದು ಸುದ್ದಿ ಚಾನೆಲ್ಲಿಗೆ ವರದಿಗಾರನಾಗಿದ್ದದ್ದು ಬರೀ ಗತ್ತಿಗೆ. ಆ ಗತ್ತೆಲ್ಲ ಕತ್ತಿನಲ್ಲಿ ನೇತಾಡುವ ಒಂದು ಕಾರ್ಡಿನಲ್ಲಿತ್ತು. ಅದು ಬಂದ ಮೇಲೆ ನನ್ನ ಮಾವನವರು "ಬಾರಪ್ಪ" ಅನ್ನುವುದನ್ನು ಬಿಟ್ಟು "ಬನ್ನಿ" ಅನ್ನತೊಡಗಿದ್ದರು. ಹಾಗಾಗಿ ಕಾರ್ಡಿನ ಮೇಲೆ ನನಗೆ ಪ್ರಾಣ.

ಆಗ ಸುದ್ದಿ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಕ್ಯಾಸೆಟ್ಟನ್ನು ಕವರಿಗೆ ಹಾಕಿ ಕಂಡಕ್ಟರ ಕೈಗೆ ಕೊಟ್ಟರೆ, ಮೆಜೆಸ್ಟಿಕ್ಕಿನಲ್ಲಿ ಚಾನೆಲ್ಲಿನವರು ಕಾದಿದ್ದು ಇಸ್ಕೊಳ್ಳುತ್ತಿದ್ದರು. ನಮ್ಮ ಕಂಡಕ್ಟರದ್ದು ಒಂದೇ ನಿಯಮ. ಕವರಿನ ಮೇಲೆ ಕಳಿಸಿದವರ ಹೆಸರು, ಊರು, ಫೋನ್ ನಂಬರ್ ಇರಲೇಬೇಕು. ಇಲ್ಲದಿದ್ದರೆ ನಾನೇ ಆಗಲಿ, ನಮ್ಮಪ್ಪನೇ ಆಗಲಿ, ಮುಟ್ಟುತ್ತಿರಲಿಲ್ಲ.

ಒಮ್ಮೆ ತುರುವೇಕೆರೆಗೆ ಮಂತ್ರಿಗಳು ಕಟ್ಟಡ ಉದ್ಘಾಟನೆಗೆ ಬಂದಿದ್ದರು. ತೆಗೆದು ಕಳಿಸಿದೆ. ಚಾನೆಲ್ಲಿನ ಸುದ್ದಿ ಮುಖ್ಯಸ್ಥರ ಫೋನ್ ಬಂತು.

"ಉದ್ಘಾಟನೆ ಅಂದ್ರಿ. ಇಲ್ಲಿ ಯಾರೋ ಹೆಣ್ಣುಮಗಳು ಅಕ್ಕಿ ಸೇರು ಒದ್ದು ಒಳಗೆ ಬರ್ತಿದಾಳೆ."

ಕ್ಯಾಸೆಟ್ ಅದಲುಬದಲಾಗಿತ್ತು. "ಇನ್ನೊಂದು ಸಲ ಹಿಂಗಾದ್ರೆ ನಿಮ್ಮ ಕಾರ್ಡನ್ನೂ ಅದೇ ಬಸ್ಸಿಗೆ ಹಾಕಿ ಕಳಿಸಿಬಿಡಿ" ಅಂದರು. ಮದುವೆ ಮನೆಗೆ ಓಡಿದೆ. ಅಲ್ಲಿ ಬೀಗರನ್ನೆಲ್ಲ ಕೂರಿಸಿಕೊಂಡು ಮಂತ್ರಿಗಳ ಭಾಷಣವನ್ನು ಪೂರ್ತಿ ನೋಡಿ ಮುಗಿಸಿದ್ದರು.

"ಚೆನ್ನಾಗೈತೆ ಕಣಪ್ಪ," ಅಂದರು ಗಂಡಿನ ತಾಯಿ. "ಆದ್ರೆ ನಮ್ ಕಡೆಯೋರು ಒಬ್ರೂ ಬಂದಿಲ್ವಲ್ಲ."

ಬೇಜವಾಬ್ದಾರಿ ಜನ

ಆ ವರ್ಷಗಳಲ್ಲಿ ಟೀವಿ ಹಾಕಿದರೆ ಎಲ್ಲೋ ದೂರದೇಶದ ಬಂದೂಕಿನವರು, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಎಚ್ಚರಿಕೆ ಕೊಡುತ್ತಿದ್ದರು. ನಮ್ಮ ಕಂಡಕ್ಟರಿಗೆ ಅವರ ಬೇಡಿಕೆಯ ಬಗ್ಗೆ ಕುತೂಹಲವಿರಲಿಲ್ಲ. ಸಾಗಾಣಿಕೆಯ ಬಗ್ಗೆ ಇತ್ತು.

"ಅಲ್ಲ ಸಾರ್, ಆ ಕ್ಯಾಸೆಟ್ಟು ಟೀವಿಯೋರ್ಗೆ ಹೆಂಗೆ ತಲುಪ್ತವೆ?"

"ಯಾರೋ ಆಫೀಸಿನ ಗೇಟಿನ ಹತ್ರ ಇಟ್ಟು ಹೋಗ್ತಾರಂತೆ. ಹೆಸರಿಲ್ಲ, ಊರಿಲ್ಲ."

ಅವನು ಟಿಕೆಟ್ಟಿನ ಪೆಟ್ಟಿಗೆ ಮುಚ್ಚಿ ನನ್ನನ್ನೇ ನೋಡಿದ.

"ಹೆಸ್ರಿಲ್ದೆ ಅದ್ಹೆಂಗ್ರೀ ಇಸ್ಕೊಂಡ್ರು? ಬೋ ಬೇಜವಾಬ್ದಾರಿ ಜನ ಕಣ್ರೀ."

ಶೆಟ್ಟಿಕೆರೆಯ ಕೊನೇ ಎಚ್ಚರಿಕೆ

ಅಷ್ಟರಲ್ಲಿ ಚಾನೆಲ್ಲಿನಿಂದ ಎಲ್ಲ ವರದಿಗಾರರಿಗೂ ಒಂದು ಸುತ್ತೋಲೆ ಬಂತು. ವಾರಸುದಾರರಿಲ್ಲದ ಕ್ಯಾಸೆಟ್ ಸಿಕ್ಕರೆ ಹಾಕಿ ನೋಡಬಾರದು, ನೇರ ಪೊಲೀಸರಿಗೆ ಒಪ್ಪಿಸಬೇಕು. ಅದಾದ ಹದಿನೈದು ದಿನಕ್ಕೆ ನನ್ನ ಸ್ಟುಡಿಯೋ ಬಾಗಿಲಿಗೆ ಯಾರೋ ಒಂದು ಕ್ಯಾಸೆಟ್ಟನ್ನು ಪೇಪರಿನಲ್ಲಿ ಸುತ್ತಿ ನೇತುಹಾಕಿ ಹೋಗಿದ್ದರು. ಹೆಸರಿಲ್ಲ. ಕಾರ್ಡಿನ ನೆನಪಾಗಿ ಠಾಣೆಗೆ ಒಯ್ದೆ.

ಠಾಣೆಯಲ್ಲಿ ವಿಸಿಆರ್ ಇರಲಿಲ್ಲ. ನನ್ನದನ್ನೇ ಹೊತ್ತು ತಂದದ್ದಾಯಿತು. ಎಸ್ಸೈ ಸಾಹೇಬರು ಕಿಟಕಿ ಮುಚ್ಚಿಸಿದರು. ತೆರೆಯ ಮೇಲೆ ದಪ್ಪ ಮೀಸೆಯ ಹಿರಿಯರೊಬ್ಬರು ಕುರ್ಚಿಯಲ್ಲಿ ಕೂತು, ಸುಮಾರು ಹೊತ್ತು ನಮ್ಮನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಬೆರಳೆತ್ತಿದರು.

"ಇದು ಕೊನೇ ಸಲ ಹೇಳ್ತಿರೋದು. ಇನ್ಮೇಲೆ ಏನಾದ್ರೂ ನನ್ನ ಕೇಳ್ಬೇಡಿ."

ಪೇದೆ ಪೆನ್ನು ತೆಗೆದ.

"ನಾನು ಹುಡುಗಿಯ ಸೋದರಮಾವ, ಶೆಟ್ಟಿಕೆರೆಯೋನು. ನೀವು ತೆಗ್ದಿರೋ ಮೂರು ಗಂಟೆ ಮದ್ವೆ ವಿಡಿಯೋದಾಗೆ ಒಂದ್ ಕಡೆನೂ ನಾನಿಲ್ಲ. ಬೇರೆ ಸ್ಟುಡಿಯೋದಾಗೆ ತೆಗೆಸಿ ಕಳಿಸಿದೀನಿ. ಇದನ್ನ ಧಾರೆ ಆದ್ಮೇಲೆ ಸೇರ್ಸಿ."

ಆಮೇಲೆ ಅವರು ಎದ್ದು, ಗಾಳಿಗೆ ಒಂದು ಹಿಡಿ ಅಕ್ಷತೆ ಹಾಕಿ, ಮತ್ತೆ ಕೂತರು.

ಎಸ್ಸೈ ಕಿಟಕಿ ತೆಗೆಸಿದರು. "ಬೇಡಿಕೆ ನ್ಯಾಯವಾಗಿದೆ," ಅಂದರು. "ಸೇರಿಸಿಬಿಡ್ರೀ."

ಅಜ್ಞಾತ ಸ್ಥಳ

ಒಂದು ದಿನ ಮುಖ್ಯಸ್ಥರು ಗಾಬರಿಯಿಂದ ಫೋನ್ ಮಾಡಿದರು. ಮುಖ ಮುಚ್ಚಿಕೊಂಡ ಮೂವರ ಕ್ಯಾಸೆಟ್ ಬಂದಿದೆ, ನಿಮ್ಮ ಕಡೆಯ ಬಸ್ಸಿನಲ್ಲೇ ಬಂದದ್ದು, ಬಟ್ಟೆಯೊಳಗಿನ ಮಾತಿನಲ್ಲಿ 'ಮೂರು ದಿನ' ಅನ್ನುವುದು ಬಿಟ್ಟು ಒಂದೂ ತಿಳಿಯುತ್ತಿಲ್ಲ. "ಸಂಜೆಯೊಳಗೆ ಯಾರು, ಎಲ್ಲಿ ಅಂತ ಪತ್ತೆಯಾಗ್ಬೇಕು. ನಿಮ್ಮೂರಲ್ಲಿ ಇಂಥವರಿರೋದು ನಿಮಗೇ ಗೊತ್ತಿಲ್ಲ ಅಂದ್ರೆ ಕಾರ್ಡು ಯಾಕ್ರೀ ನಿಮಗೆ?"

ನಾನು ಕಾರ್ಡನ್ನು ಅಂಗಿಯೊಳಗೆ ಬಿಟ್ಟುಕೊಂಡು ಹೋಟೆಲಿಗೆ ಹೋಗಿ ಟೀವಿ ಮುಂದೆ ಕೂತೆ. ಮಾತು ಕೇಳಿಸದಂತೆ ಚಿತ್ರವನ್ನಷ್ಟೇ ತೋರಿಸುತ್ತಿದ್ದರು. ಮೂವರು, ಮೂರು ಟವೆಲ್ಲು. ಹಿಂದೆ ಬಿದಿರ ದಬ್ಬೆಗಳು, ದಬ್ಬೆಗಳ ಸಂದಿಯಲ್ಲಿ ಸಾಲಾಗಿ ಕಪ್ಪು ಗುಂಡುಗಳು. "ಅಜ್ಞಾತ ಸ್ಥಳದ ನೆಲಮಾಳಿಗೆ, ಹಿಂದೆ ಅನುಮಾನಾಸ್ಪದ ವಸ್ತುಗಳು" ಎಂದು ಓದಿದರು.

ಪಕ್ಕದಲ್ಲಿ ಕೂತಿದ್ದ ಕೊಬ್ಬರಿ ವ್ಯಾಪಾರಿ ಇಡ್ಲಿಯಿಂದ ತಲೆ ಎತ್ತಿದರು.

"ನೆಲಮಾಳಿಗೆ ಎಲ್ಲಿ ಬಂತು? ಅಟ್ಟ ಅದು. ಉಂಡೆ ಕೊಬ್ಬರಿಗೆ ತೆಂಗಿನ್ಕಾಯಿ ಒಣಗಾಕವ್ರೆ." ಇನ್ನೊಮ್ಮೆ ನೋಡಿದರು. "ಎಡಗಡೆ ಎರಡು ದಬ್ಬೆ ಮುರ್ದೈತೆ. ಹೋದ್ ತಿಂಗ್ಳು ಕಾಯಿ ಅಳ್ಳಾಡ್ಸಿ ನೋಡೋಕೆ ಹತ್ತಿದ್ದೆ, ನನ್ ಕಾಲೇ ಸಿಕ್ಕಾಕ್ಕಂಡಿತ್ತು. ಚಿಕ್ಕನಾಯಕನಹಳ್ಳಿ ದಾರೀಲಿ ಬರೋ ಹಳ್ಳಿ. ಊರ ಮುಂದಲ ಮನೆ."

ಸ್ಕೂಟರಿನಲ್ಲಿ ಹೋದೆ. ಮೂವರೂ ಜಗಲಿಯ ಮೇಲೆ ಕೂತಿದ್ದರು, ಹೆಗಲ ಮೇಲೆ ಅವೇ ಟವೆಲ್ಲು. ಅಂಗಿಯಿಂದ ಹೊರಗೆಳೆದ ನನ್ನ ಕಾರ್ಡು ನೋಡಿ ಎದ್ದು ನಿಂತರು.

"ನೀವೇನಾ ಎಚ್ಚರಿಕೆ ಕೊಟ್ಟೋರು?"

"ಹೂಂ ಸಾರ್. ಊರಿಗೆ ಬತ್ತಿದ್ದ ಬೆಳಗಿನ ಬಸ್ ನಿಲ್ಸವ್ರೆ. ಮೂರ್ ದಿನದಾಗೆ ಬಿಡ್ದಿದ್ರೆ ಡಿಪೋ ಮುಂದೆ ಕೂತ್ಕತೀವಿ ಅಂತ ಹೇಳಿದೀವಿ."

"ಅದಕ್ಕೆ ಮುಖ ಯಾಕೆ ಮುಚ್ಕೊಂಡ್ರಿ?"

"ಮುಖ ಬುಟ್ಕಂಡು ನಾಕ್ ಸಲ ಅರ್ಜಿ ಕೊಟ್ವಿ, ಯಾರೂ ತಿರುಗಿ ನೋಡ್ಲಿಲ್ಲ. ಟೀವೀಲಿ ಮುಖ ಮುಚ್ಕೊಂಡೋರ್ದು ದಿನಾ ತೋರಿಸ್ತಾರೆ."

"ಪೊಲೀಸರು ಹುಡುಕ್ತಾರೆ ಅಂತ ಭಯ ಇಲ್ವಾ?"

"ಹುಡುಕೋದೇನ್ ಬಂತು ಸಾರ್? ಕವರ್ ಮೇಲೆ ಮೂರು ಜನದ ಹೆಸ್ರೂ ಬರ್ದಿದೀವಲ್ಲ."

ಅಲ್ಲಿಂದಲೇ ಮುಖ್ಯಸ್ಥರಿಗೆ ಫೋನ್ ಮಾಡಿದೆ. "ಸಾರ್, ಕ್ಯಾಸೆಟ್ ಬಂದ ಕವರ್ ಎಲ್ಲಿದೆ?"

"ಕಸದ ಬುಟ್ಟಿಯಲ್ಲಿರಬೇಕು. ಯಾಕೆ?"

ತೆಗೆಸಿದರು. ತಾವೇ ಗಟ್ಟಿಯಾಗಿ ಓದಿದರು. ಮೂರು ಹೆಸರು, ಊರು, ಹೋಬಳಿ, ಫೋನ್ ನಂಬರ್. ಕೆಳಗೆ, "ಬಸ್ಸಿಲ್ಲದ ಕಾರಣ ನಡೆದು ಬಂದು ಕೊಟ್ಟಿರುತ್ತೇವೆ. ನೋಡಿದ ಮೇಲೆ ದಯವಿಟ್ಟು ಕ್ಯಾಸೆಟ್ ವಾಪಸ್ ಕಳಿಸಿ. ಮುಂದೆ ಮಗುವಿನ ನಾಮಕರಣ ಇದೆ."

ಆಮೇಲೆ ತಗ್ಗಿದ ದನಿಯಲ್ಲಿ ಅಂದರು, "ಕಾರ್ಡು ನಿಮ್ಮ ಹತ್ರಾನೇ ಇರಲಿ. ಬಸ್ಸಿನ ಸುದ್ದಿ ಸರಿಯಾಗಿ ಹಾಕ್ತೀವಿ. ಕ್ಯಾಸೆಟ್ಟನ್ನೂ ಇವತ್ತೇ ಬಸ್ಸಿಗೆ ಕೊಡಿಸ್ತೀನಿ. ಒಂದೇ ವಿಷಯ, ಅದರ ಮೇಲೆ ನಮ್ಮ ಚಾನೆಲ್ ಹೆಸರು ಬೇಡ. ಮರ್ಯಾದೆ ಪ್ರಶ್ನೆ."

"ಆಗಲ್ಲ ಸಾರ್," ಅಂದೆ. "ಹೆಸರಿಲ್ಲದಿದ್ರೆ ಕಂಡಕ್ಟರ್ ಇಸ್ಕೊಳ್ಳಲ್ಲ."