ನಮ್ಮತ್ತೆಯ ಪಿಕ್ಚರ್ ಕ್ವಾಲಿಟಿ

ನ್ಯೂಯಾರ್ಕಿನ ಹತ್ತಿರದ ಎಡಿಸನ್ನಿನಲ್ಲಿರುವ ನನ್ನ ಸೋದರತ್ತೆಯ ಮನೆಗೆ ಹೋಗುವವರು ಉಸಿರಾಡುವುದನ್ನೆಲ್ಲ ಹೊರಗಡೆಯೇ ಮುಗಿಸಿಕೊಂಡು ಹೋಗುವುದು ಒಳ್ಳೆಯದು. ಒಳಗೆ ಅವಕಾಶ ಸಿಗುತ್ತದೆಂಬ ಭರವಸೆಯಿಲ್ಲ. ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಅನ್ನಿಸಿದರೆ ಯಾವುದಾದರೂ ಶನಿವಾರ ಮಧ್ಯಾಹ್ನ ಹೋಗಿ ಬೆಲ್ ಒತ್ತಿ ನೋಡಿ. ಬೆಲ್ ಆಗುವುದಿಲ್ಲ! ಅದರ ತಂತಿಯನ್ನು ಅತ್ತೆ ಎಂದೋ ಕಿತ್ತುಹಾಕಿದ್ದಾರೆ. ಬಾಗಿಲ ಮೇಲೆ ಅವರ ಮುದ್ದಾದ ಕೈಬರಹದ ಚೀಟಿ ಇರುತ್ತದೆ: ‘ರೆಕಾರ್ಡಿಂಗ್ ನಡೆಯುತ್ತಿದೆ. ಚಪ್ಪಲಿ ಮತ್ತು ಮಾತು ಹೊರಗೆ ಬಿಡಿ.’

ಏನು ರೆಕಾರ್ಡಿಂಗು? ಸಂಗೀತವೇ? ದೇವರನಾಮವೇ? ಅಲ್ಲ ಸ್ವಾಮಿ, ವಿಡಿಯೋ ಗೇಮು! ಅರವತ್ತೇಳು ವರ್ಷದ ಅತ್ತೆ ಪಕ್ಕದಲ್ಲಿ ಕುಳಿತು ರೆಕಾರ್ಡ್ ಮಾಡುತ್ತಾರೆ, ಎಪ್ಪತ್ತೆರಡು ವರ್ಷದ ಮಾವ ಕಂಪ್ಯೂಟರಿನಲ್ಲಿ ಬಸ್ಸು ಓಡಿಸುತ್ತಾರೆ. ಯಾವುದೋ ಕಲ್ಪನೆಯ ದೇಶದ ಬೆಟ್ಟ, ಮರುಭೂಮಿಯ ದಾರಿ, ಇಪ್ಪತ್ತಾರು ಸ್ಟಾಪು. ಮಾವ ಮೂವತ್ತು ವರ್ಷ ನ್ಯೂಯಾರ್ಕಿಗೆ ಬಸ್ಸಿನಲ್ಲಿ ಕಮ್ಯೂಟ್ ಮಾಡಿದವರು. ಅಷ್ಟು ವರ್ಷವೂ ಡ್ರೈವರ್ ಹಿಂದಿನ ಸೀಟಿನಲ್ಲಿ ಕುಳಿತು, ಮನಸ್ಸಿನಲ್ಲಿಯೇ ಬ್ರೇಕ್ ಒತ್ತಿಕೊಂಡು ಹೋದವರು. ಈಗ ಬಸ್ಸು ಅವರ ಕೈಗೇ ಬಂದಿದೆ. ಯಾರೂ ಹತ್ತದ ಸ್ಟಾಪಿನಲ್ಲೂ ನಿಲ್ಲಿಸಿ, ಬಾಗಿಲು ತೆರೆದು, ಒಂದು ನಿಮಿಷ ಕಾಯುತ್ತಾರೆ.

ಅತ್ತೆಯ ಉಸಿರಿನ ಕಾನೂನು ಹುಟ್ಟಿದ್ದು ಅವರ ವೃತ್ತಿಯಿಂದ. ರಿಟೈರ್ ಆಗುವವರೆಗೂ ಹತ್ತಿರದ ನ್ಯೂವರ್ಕ್ ಎಂಬ ಊರಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದರು. ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ, ಬಿಡಿ! ಇಷ್ಟನ್ನು ದಿನಕ್ಕೆ ನೂರು ಸಲ ಹೇಳಿದ ಬಾಯಿ ಅದು. ಯಾರಾದರೂ ಅಲ್ಲಾಡಿದರೆ ಚಿತ್ರ ಕೆಡುತ್ತದೆಂಬುದು ಅವರ ರಕ್ತಕ್ಕೆ ಇಳಿದುಬಿಟ್ಟಿದೆ. ವಿಡಿಯೋ ಗೇಮಿನ ಚಿತ್ರ ಕಂಪ್ಯೂಟರಿನ ಒಳಗಡೆಯೇ ರೆಕಾರ್ಡ್ ಆಗುತ್ತದೆ, ಹಾಲಿನಲ್ಲಿ ಕುಳಿತವರು ಉಸಿರಾಡಿದರೂ, ಬೇಕಾದರೆ ಕೋಲಾಟ ಆಡಿದರೂ ಏನೂ ಆಗುವುದಿಲ್ಲ ಎಂದು ನಾನು ಎಷ್ಟೋ ಸಲ ವಿವರಿಸಿದ್ದೇನೆ.

“ನಿನಗೇನೇ ಗೊತ್ತು?” ಎನ್ನುತ್ತಾರೆ. “ಉಸಿರು ಹಿಡಿದು ಕೆಟ್ಟ ಎಕ್ಸ್‌ರೇ ಒಂದಾದ್ರೂ ಉಂಟಾ?”



ನಗುವ ಮೊದಲು ಈ ಹುಚ್ಚು ಹತ್ತಿದ್ದು ಏಕೆಂದು ಹೇಳಿಬಿಡುತ್ತೇನೆ. ಮಾವನಿಗೆ ಪಾರ್ಕಿನ್ಸನ್ಸ್, ಅಂದರೆ ಕೈ ನಡುಗುವ ಕಾಯಿಲೆ. ನಮ್ಮ ಕನ್ನಡದವರ ಯುಗಾದಿ ಊಟದಲ್ಲಿ ಸಾರು ಬಡಿಸುವುದು ವರ್ಷವರ್ಷವೂ ಅವರದೇ ಕೆಲಸ. ಮೂರು ವರ್ಷದ ಹಿಂದೆ ಆ ಸಾರು ಒಬ್ಬ ಹಿರಿಯರ ಪಂಚೆಯ ಮೇಲೆ ಚೆಲ್ಲಿತು. ಎಲ್ಲರೂ ಒಟ್ಟಿಗೆ “ಪರವಾಗಿಲ್ಲ, ಪರವಾಗಿಲ್ಲ” ಅಂದರು. ಮಾವ ಸೌಟನ್ನು ಪಕ್ಕದವರ ಕೈಗೆ ಕೊಟ್ಟು ಕಾರಿನಲ್ಲಿ ಹೋಗಿ ಕುಳಿತರು. ಅಲ್ಲಿಂದ ಮುಂದೆ ಯಾರ ಮನೆಗೂ ಹೋಗಲಿಲ್ಲ, ಯಾರೆದುರೂ ಕಾಫಿ ಲೋಟ ಎತ್ತಲಿಲ್ಲ. ಬೆರಳಿಗೆ ಕೆಲಸ ಕೊಡಿ, ಇಲ್ಲದಿದ್ದರೆ ಬಿಗಿದುಕೊಳ್ಳುತ್ತವೆ ಎಂದು ಡಾಕ್ಟರು ಹೇಳಿದ್ದಕ್ಕೆ ಬಾಸ್ಟನ್ನಿನ ಮಗಳು ಈ ಆಟವನ್ನೂ, ಕೈಯಲ್ಲಿ ಹಿಡಿದು ಆಡಿಸುವ ಕಂಟ್ರೋಲರನ್ನೂ ತಂದುಕೊಟ್ಟಳು. ಮಾವ ಒಪ್ಪಿದರು, ಆದರೆ ಒಂದು ಷರತ್ತು. ಆಡುವಾಗ ರೂಮಿನ ಬಾಗಿಲು ಮುಚ್ಚಿರಬೇಕು, ಅತ್ತೆಯ ಹೊರತು ಒಂದು ನರಪಿಳ್ಳೆಯೂ ಒಳಗೆ ಬರಬಾರದು.

“ಅವರು ಆ ಕಂಟ್ರೋಲರ್ ಕೆಳಗಿಟ್ಟ ದಿನ ಕುರ್ಚಿ ಬಿಟ್ಟು ಏಳಲ್ಲ ಕಣೇ. ಏನಾದ್ರೂ ಆಗ್ಲಿ, ಆಟ ನಿಲ್ಬಾರ್ದು” ಎಂದು ಅತ್ತೆ ಒಮ್ಮೆ ಅಡುಗೆಮನೆಯಲ್ಲಿ ನನಗೆ ಹೇಳಿದ್ದರು. ಆಗ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಆಟ ನಿಲ್ಲಬಾರದೆಂದರೆ ನೋಡುವವರು ಬೇಕು. ಹಾಗಾಗಿ ಶುರುವಾಯಿತು, ಕೈ ಕಾಣದೆ ಬಸ್ಸು ಮಾತ್ರ ಕಾಣುವ ಯೂಟ್ಯೂಬ್ ಚಾನೆಲ್ಲು. ಚಂದಾದಾರರು ನಲವತ್ಮೂರು. ಅದರಲ್ಲಿ ನಲವತ್ತು ಜನ ಸತ್ಯನಾರಾಯಣ ಪೂಜೆಗೆ ಬಂದವರು. ಪ್ರಸಾದಕ್ಕೆ ಕೈಯೊಡ್ಡಿದರೆ ಅತ್ತೆ “ಮೊದಲು ಫೋನ್ ಕೊಡಿ” ಎಂದು, ಸಬ್‌ಸ್ಕ್ರೈಬ್ ಬಟನ್ ತಾವೇ ಒತ್ತಿ, ಆಮೇಲೆ ಪ್ರಸಾದ ಹಾಕಿದರು! ಉಳಿದ ಮೂವರು ಯಾರೋ ಪಾಪ, ನಿಜವಾದ ಬಸ್ಸಿನ ವೇಳಾಪಟ್ಟಿ ಹುಡುಕುತ್ತ ಬಂದವರಿರಬೇಕು.

ಎಡಿಟಿಂಗಿಗೆ ನನ್ನನ್ನು ನೇಮಿಸಿಕೊಂಡರು. ನಾನಿರುವುದು ಹ್ಯಾರಿಸನ್ನಿನಲ್ಲಿ. ವಾರವಿಡೀ ಮ್ಯಾನ್‌ಹಟನ್ನಿಗೆ ಓಡಾಡಿ, ಶನಿವಾರ ಮತ್ತೆ ಟ್ರೇನು ಹತ್ತಿ ಎಡಿಸನ್ನಿಗೆ ಹೋಗುತ್ತೇನೆ. ಸಂಬಳ ಬಿಸಿಬೇಳೆಬಾತು. ಕೆಲಸ ಬಹಳ ಸುಲಭ: ಬಸ್ಸು ಹಳ್ಳಕ್ಕೆ ಬಿದ್ದರೆ ಕತ್ತರಿಸು, ಬಂಡೆಗೆ ಗುದ್ದಿದರೆ ಕತ್ತರಿಸು, ಹಸುವಿನ ಮೇಲೆ ಹೋದರಂತೂ ಎರಡು ಕಡೆಯಿಂದಲೂ ಕತ್ತರಿಸು. ಒಂದು ಗಂಟೆಯ ಆಟ ಕೊನೆಗೆ ಆರು ನಿಮಿಷ ಉಳಿಯುತ್ತಿತ್ತು. ಬಸ್ಸು ಒಂದು ಸ್ಟಾಪಿನಲ್ಲಿ ಮಾಯವಾಗಿ ಮುಂದಿನ ಸ್ಟಾಪಿನಲ್ಲಿ ಪ್ರತ್ಯಕ್ಷವಾಗುತ್ತಿತ್ತು. ಆದರೂ ‘ಅಂಕಲ್, ಒಂದು ಆಕ್ಸಿಡೆಂಟೂ ಇಲ್ಲ! ಸೂಪರ್!’ ಎಂದು ಯಾರೋ ಬರೆದ ದಿನ ಮಾವ ಎರಡು ಸಲ ಅನ್ನ ಹಾಕಿಸಿಕೊಂಡು ಊಟ ಮಾಡಿದರು.

ಕತ್ತರಿಸುವುದು ನನ್ನ ಪಾಲಿಗೆ ಬಂದರೆ ಕ್ವಾಲಿಟಿ ಅತ್ತೆಯ ಪಾಲಿಗೆ. ಅದರಲ್ಲಿ ಬ್ರಹ್ಮ ಬಂದರೂ ತಲೆ ಹಾಕುವಂತಿಲ್ಲ. ಬಿಟ್‌ರೇಟ್ ಎಂದರೇನೆಂದು ಕೇಳಿ ನೋಡಿದೆ.

“ಸಾರಿಗೆ ಹಾಕೋ ಬೇಳೆ ಕಣೇ. ಕಮ್ಮಿ ಹಾಕಿದ್ರೆ ತಿಳಿನೀರು, ಚಿತ್ರದಲ್ಲಿ ಹಿಡಿತವೇ ಇರಲ್ಲ. ಜಾಸ್ತಿ ಹಾಕಿದ್ರೆ ಕಂಪ್ಯೂಟರ್‌ಗೆ ಅಜೀರ್ಣ.”

ಇದಕ್ಕಿಂತ ಚೆನ್ನಾಗಿ ಇದನ್ನು ಯಾವ ಇಂಜಿನಿಯರೂ ನನಗೆ ಹೇಳಿಲ್ಲ. ಸೆಕೆಂಡಿಗೆ ಅರವತ್ತು ಫ್ರೇಮ್ ಇಲ್ಲದಿದ್ದರೆ ಅದು ವಿಡಿಯೋವೇ ಅಲ್ಲ. ಚಿತ್ರದ ಸ್ಪಷ್ಟತೆ ಫೋರ್ ಕೆ ಇಲ್ಲದಿದ್ದರೆ ನೋಡುವವರಿಗೆ ಅವಮಾನ. ಅಪ್‌ಲೋಡ್ ಆದಮೇಲೆ ಚಿತ್ರ ಸ್ವಲ್ಪ ಮಂಕಾದರೆ, ಊರಿಂದ ತಂದ ಹಪ್ಪಳ ಸೂಟ್‌ಕೇಸಿನಲ್ಲಿ ಪುಡಿಯಾದಷ್ಟು ಸಂಕಟಪಡುತ್ತಿದ್ದರು.

ಕಳೆದ ವರಮಹಾಲಕ್ಷ್ಮಿ ಹಬ್ಬದ ದಿನದ ಕಥೆ ಕೇಳಿ. ಸಂಜೆ ಅರಿಸಿನ ಕುಂಕುಮಕ್ಕೆಂದು ಆರೇಳು ಹೆಂಗಸರು ರೇಷ್ಮೆ ಸೀರೆ ಉಟ್ಟು ಹಾಲಿನಲ್ಲಿ ಬಂದು ಕುಳಿತಿದ್ದರು. ಒಳಗೆ ಮಾವನ ಬಸ್ಸು ಮೊದಲ ಬಾರಿಗೆ ಹದಿನೇಳನೆಯ ಸ್ಟಾಪು ದಾಟಿ ಸೇತುವೆಯ ಹತ್ತಿರ ಬಂದಿತ್ತು. ಅತ್ತೆ ಕುಂಕುಮದ ಬಟ್ಟಲು ಹಿಡಿದುಕೊಂಡೇ ಬಾಗಿಲಿನಿಂದ ತಲೆ ಹೊರಹಾಕಿ, “ಎಲ್ರೂ ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ!” ಎಂದು ಅಪ್ಪಣೆ ಮಾಡಿ ಬಾಗಿಲು ಮುಚ್ಚಿಕೊಂಡರು. ಹಬ್ಬದ ದಿನ ಮುತ್ತೈದೆಯ ಮಾತು ಮೀರುವುದುಂಟೆ? ಎಲ್ಲರೂ ಹಿಡಿದರು. ಅರ್ಧ ನಿಮಿಷವಾಯಿತು. ಸೇತುವೆ ಮುಗಿಯಲಿಲ್ಲ. ಕೊನೆಗೆ ಹೊಸದಾಗಿ ಮದುವೆಯಾಗಿ ಬಂದಿದ್ದ ಒಬ್ಬ ಹುಡುಗಿ, ಕೆಂಪಾದ ಮುಖ ಹೊತ್ತು ನನ್ನ ಕಿವಿಯಲ್ಲಿ ಕೇಳಿದಳು: “ಅಕ್ಕಾ, ಇದೂ ವ್ರತದಲ್ಲಿ ಬರುತ್ತಾ?”

ಹೀಗಿರುವಾಗ ಹೋದ ಚಳಿಗಾಲದಲ್ಲಿ ಕ್ವಾಲಿಟಿ ಕೆಟ್ಟಿತು. ಅತ್ತೆ ಹೇಳುವ ಪ್ರಕಾರ ಚಿತ್ರಕ್ಕೆಲ್ಲ ಮಂಜು ಕವಿದಿತ್ತು. ಆಟದಲ್ಲಿ ಬಸ್ಸು ಮರುಭೂಮಿಯಲ್ಲಿ ಹೋಗುತ್ತಿದ್ದರೂ ಮಂಜು! ಮೊದಲು ಕೇಬಲ್ ಬದಲಾಯಿತು. ಆಮೇಲೆ ಕಿಟಕಿಯ ಬೆಳಕಿನ ಮೇಲೆ ಸಂಶಯ ಬಂದು ಒಂದು ಕಪ್ಪು ಸೀರೆ ಪರದೆಯಾಯಿತು. ಆಮೇಲೆ ಮಾನಿಟರ್. ಒಂದು ತಂದರು, ವಾಪಸು ಕೊಟ್ಟರು. ಇನ್ನೊಂದು ತಂದರು, ಅದನ್ನೂ ಕೊಟ್ಟರು. ಮೂರನೆಯದನ್ನು ವಾಪಸು ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಇದಕ್ಕಿಂತ ಒಳ್ಳೆಯದು ನಮ್ಮಲ್ಲಿಲ್ಲ ಎಂದು ಅಂಗಡಿಯಾತ ಕೈಮುಗಿಯುವುದೊಂದು ಬಾಕಿ. ಅತ್ತೆ ಅವನ ಮುಖಕ್ಕೆ ಬೆರಳು ತೋರಿಸಿ, ಇಡೀ ಅಂಗಡಿಗೆ ಕೇಳುವಂತೆ ಗರ್ಜಿಸಿದರು: “ಐ ಹ್ಯಾವ್ ಸೀನ್ ಥೌಸಂಡ್ಸ್ ಆಫ್ ಚೆಸ್ಟ್ಸ್!”

ಅಂಗಡಿಯಾತ ತಕ್ಷಣ ಹಣ ವಾಪಸು ಕೊಟ್ಟ. ನಾನು ಪ್ರಿಂಟರುಗಳ ಹಿಂದೆ ಅಡಗಿಕೊಂಡೆ.

ಮಂಜು ಹೋಗಲೆಂದು ಅತ್ತೆ ಎಡಿಟಿಂಗಿನಲ್ಲಿ ಬೆಳಕು ಏರಿಸಿದರು. ಸಾಲದೆಂದು ಇನ್ನಷ್ಟು ಏರಿಸಿದರು. ಬಣ್ಣ ಗಾಢ ಮಾಡಿದರು, ಅಂಚುಗಳನ್ನು ಚೂಪು ಮಾಡಿದರು. “ಅತ್ತೆ, ಕಣ್ಣು ಕುಕ್ಕುತ್ತೆ” ಎಂದೆ. “ಈಗ ತಾನೇ ಸ್ವಲ್ಪ ಕಾಣೋ ಹಾಗಾಗಿದೆ, ಸುಮ್ನಿರು” ಎಂದರು. ವಿಡಿಯೋ ಹೊರಬಂದ ಅರ್ಧ ಗಂಟೆಗೆ ಮೈಸೂರಿನಿಂದ ನಮ್ಮ ಚಿಕ್ಕಮ್ಮ ಫೋನ್ ಮಾಡಿದರು: “ಬಸ್ಸಿಗೆ ಬೆಂಕಿ ಬಿದ್ದಿದ್ಯಲ್ಲೇ, ಭಾವ ಇಳಿದ್ರು ತಾನೆ?”

ಎಲ್ಲವನ್ನೂ ಬದಲಾಯಿಸಿ ಆದಮೇಲೆ ಉಳಿದದ್ದು ಅತ್ತೆಯ ಕನ್ನಡಕ. ಅದನ್ನು ಬದಲಾಯಿಸಲು ಕಣ್ಣಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆ ಗೋಡೆಯ ಮೇಲಿನ ಅಕ್ಷರ ಓದಿ ಎಂದರೆ ಅತ್ತೆ, “ನಿಮ್ಮ ಚಾರ್ಟಿನ ಪ್ರಿಂಟ್ ಕ್ವಾಲಿಟಿ ಸರಿಯಿಲ್ಲ” ಎಂದು ದೂರಿದರು. ಡಾಕ್ಟರಮ್ಮ ಅತ್ತೆಯ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಮತ್ತೆ ನೋಡಿದರು, ಮೆಲ್ಲನೆ ನಕ್ಕರು. ಪೊರೆ! ಎರಡೂ ಕಣ್ಣಿಗೆ, ಚೆನ್ನಾಗಿ ಬಲಿತ ಪೊರೆ!

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ಕಾರಿನಲ್ಲಿ ನಾನು ಬಾಯಿಬಿಟ್ಟು ಹೇಳಲಿಲ್ಲ, ಜೀವದ ಮೇಲೆ ಆಸೆಯಿತ್ತು. ಸಾವಿರಾರು ಜನರ ಒಳಗನ್ನು ಕಂಡವರಿಗೆ ತಮ್ಮ ಕಣ್ಣಿನ ಮೇಲಿನ ಪೊರೆ ಕಾಣಲಿಲ್ಲ. ಮನೆಗೆ ಬಂದು ಸುದ್ದಿ ಹೇಳಿದಾಗ ಮಾವ ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. “ಆಪರೇಷನ್ ಆದ್ಮೇಲೆ ಎಲ್ಲಾ ಚೆನ್ನಾಗಿ ಕಾಣುತ್ತೆ, ಅಲ್ವಾ?” ಎಂದು ಮಾತ್ರ ಕೇಳಿದರು.

ಎರಡು ಕಣ್ಣಿನ ಆಪರೇಷನ್ನೂ ಮುಗಿಯಿತು. ಅತ್ತೆ ಮನೆಯಿಡೀ ಇನ್ಸ್‌ಪೆಕ್ಟರರ ಹಾಗೆ ಓಡಾಡಿದರು. ಒಲೆಯ ಹಿಂದಿನ ಗೋಡೆಯ ಜಿಡ್ಡು ಕಂಡು ಕಿರುಚಿದರು. “ನಿಂಗಿಷ್ಟೊಂದು ಬಿಳಿಕೂದಲು ಯಾವಾಗ ಬಂತೇ?” ಎಂದು ನನ್ನ ತಲೆ ಹಿಡಿದು ಬೆಳಕಿಗೆ ತಿರುಗಿಸಿದರು. ಕನ್ನಡಿಯ ಮುಂದೆ ಮಾತ್ರ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಳೆಯ ವಿಡಿಯೋ ಹಾಕಿ ನೋಡಿ, “ಅಯ್ಯೋ ರಾಮ, ಯಾವ ಮುಂಡೇದೇ ಇದಕ್ಕೆ ಬೆಂಕಿ ಹಚ್ಚಿದ್ದು!” ಎಂದು ನನ್ನನ್ನೇ ಗದರಿಸಿದರು.

ಆದರೆ ಮಾವ ಆಡುವುದನ್ನು ನಿಲ್ಲಿಸಿದ್ದರು. ನಿನ್ನ ಕಣ್ಣಿಗೆ ರೆಸ್ಟ್ ಬೇಕು ಎಂದು ಒಂದು ವಾರ, ಬೇಜಾರು ಎಂದು ಇನ್ನೊಂದು ವಾರ. ಹೋದಾಗಲೆಲ್ಲ ಕೈಗಳನ್ನು ಸ್ವೆಟರಿನ ಜೇಬಿನಲ್ಲಿ ಇಟ್ಟುಕೊಂಡು ಕುಳಿತಿರುತ್ತಿದ್ದರು. ಮೂರನೆಯ ಶನಿವಾರ ಅತ್ತೆ ಕೇಳಲಿಲ್ಲ. ಎಬ್ಬಿಸಿಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂರಿಸಿದರು. ಗಡಿಬಿಡಿಯಲ್ಲಿ ಬಾಗಿಲು ಮುಚ್ಚಲು ಮರೆತರು. ಕಾಫಿ ಹಿಡಿದು ಬಂದ ನಾನು ಹೊಸ್ತಿಲಲ್ಲೇ ನಿಂತೆ.

ಮಾವ ಕಂಟ್ರೋಲರ್ ಕೈಗೆತ್ತಿಕೊಂಡರು. ಅತ್ತೆ ಕಂಪ್ಯೂಟರಿನ ಪರದೆ ನೋಡಲಿಲ್ಲ, ಅವರ ಕೈ ನೋಡಿದರು. ಫೋನಿನಲ್ಲಿ ಎಲ್ಲರಿಗೂ “ಮಾತ್ರೆ ಹಿಡಿದಿದೆ, ಈಗ ನಡುಕ ತುಂಬಾ ಕಮ್ಮಿ” ಎಂದು ಹೇಳುತ್ತ ಬಂದವರು ಅವರೇ.

“ಇಷ್ಟೊಂದಾ?” ಎಂದರು ಅತ್ತೆ.

ಮಾವ ಕಂಟ್ರೋಲರನ್ನು ಮೇಜಿನ ಮೇಲಿಟ್ಟರು. “ನಿನ್ನ ಕಣ್ಣು ಮಂಜಾಗಿದೆ ಅಂತ ನನಗೆ ದೀಪಾವಳಿ ಹೊತ್ತಿಗೇ ಗೊತ್ತಾಗಿತ್ತು ಕಣೇ. ನಿನ್ನ ಪಕ್ಕ ಕೂತ್ರೆ ನನ್ನ ಕೈ ಯಾರಿಗೂ ಕಾಣಲ್ಲ ಅನ್ನಿಸ್ತಿತ್ತು. ಅದಕ್ಕೇ ಹೇಳ್ಲಿಲ್ಲ. ತಪ್ಪಾಯ್ತು.”

ಅತ್ತೆ “ಮೂರು ಮಾನಿಟರ್ ವಾಪಸ್ ಮಾಡಿಸಿದ್ರಲ್ರೀ!” ಎಂದು ರೇಗಲು ಹೊರಟವರು ಮಧ್ಯದಲ್ಲೇ ಅತ್ತುಬಿಟ್ಟರು. ಸೆರಗಿನಿಂದ ಹೊಸ ಕಣ್ಣು ಒರೆಸಿಕೊಂಡು, ಕಂಟ್ರೋಲರ್ ಎತ್ತಿ ಮಾವನ ಕೈಯಲ್ಲಿಟ್ಟರು.

“ಈಗ ಕಾಣ್ತಿದೆ. ಪೂರ್ತಿ ಕಾಣ್ತಿದೆ. ಆಡಿ.”

ಮಾವ ಆಡಿದರು. ಬಸ್ಸು ಎರಡು ಸಲ ಬಂಡೆಗೆ ಗುದ್ದಿತು, ಒಂದು ಸಲ ಕೆರೆಗೆ ಬಿತ್ತು, ಒಂಬತ್ತನೆಯ ಸ್ಟಾಪಿನ ನೆರಳುಚಪ್ಪರವನ್ನೇ ಕೆಡವಿತು. ಅತ್ತೆ ಕಣ್ಣು ಮಿಟುಕಿಸದೆ ಅವರ ಕೈಗಳನ್ನೇ ನೋಡುತ್ತ ಕುಳಿತಿದ್ದರು. ಆಟ ಮುಗಿದಮೇಲೆ ನಾನು ಎಂದಿನಂತೆ ಹಾಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೆರೆಯ ಭಾಗ ಕತ್ತರಿಸಲು ಹೊರಟೆ. ಅತ್ತೆ ಬಂದು ನನ್ನ ಕೈ ತಡೆದರು.

“ಇರ್ಲಿ ಬಿಡು.”

“ಅತ್ತೆ, ನಾಲ್ಕು ಆಕ್ಸಿಡೆಂಟ್ ಇದೆ. ಎಲ್ರೂ ನೋಡ್ತಾರೆ.”

“ನೋಡ್ಲಿ. ಇಪ್ಪತ್ತಾರು ಸ್ಟಾಪೂ ಮುಗ್ಸಿದ್ದಾರೆ, ಅದನ್ನೂ ನೋಡ್ಲಿ.”

ಒಂದು ಗಂಟೆ ಏಳು ನಿಮಿಷದ ವಿಡಿಯೋ ಹಾಗೆಯೇ ಹೋಯಿತು. ಬೆಳಕು ಏರಿಸಲಿಲ್ಲ, ಬಣ್ಣ ಮುಟ್ಟಲಿಲ್ಲ. ಇಷ್ಟು ದಿನ ಇವರನ್ನು ನೋಡಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಆಗ ಒಳಗಿನಿಂದ ಮಾವನ ದನಿ ಕೇಳಿಸಿತು.

“ಇನ್ನೊಂದು ರೌಂಡ್ ಹೋಗ್ತೀನಿ. ಮಗೂ, ಹೊರಗ್ಯಾಕೆ ಕೂತಿದ್ದೀಯ? ನೀನೂ ಒಳಗೆ ಬಾ.”